ದಿನಬಳಕೆಯ ಬಾಳಿನಲ್ಲಿ ಅಂತರಂಗದ ಬೆಳಕು

ಅಂತರಂಗದ ಬೆಳಕು, ಆತ್ಮದ ಬೆಳವಣಿಗೆ ಎಂಬ ಮಾತುಗಳನ್ನು ಕೇಳಿದೊಡನೆ ನಮ್ಮ ಮನಸ್ಸು ಕಾಡು, ಗುಹೆ, ಮಠ, ಮೌನಗಳ ಕಡೆಗೆ ಹರಿಯುವುದು ಸಹಜ. ಬೆಳಗಾದರೆ ಕಚೇರಿ, ಸಂಜೆಯಾದರೆ ಸಂಸಾರ ಎಂದು ಗಡಿಯಾರದ ಮುಳ್ಳಿಗೆ ಕಟ್ಟುಬಿದ್ದಿರುವ ಪಟ್ಟಣವಾಸಿಗಳಿಗೆ ಅವು ಕೈಗೆಟುಕದ ಫಲಗಳೆಂದು ತೋರುತ್ತವೆ. ಕ್ರೈಸ್ತ ಭಕ್ತರಲ್ಲಿಯೂ ಈ ಸಂಶಯ ಹಳೆಯದು. ಭಾನುವಾರದ ಆರಾಧನೆಯಲ್ಲಿ ಕಂಡ ಬೆಳಕು ಸೋಮವಾರದ ದುಡಿಮೆಯಲ್ಲಿ ಏಕೆ ಮಂಕಾಗುತ್ತದೆ? ಪ್ರಾರ್ಥನೆಗೆ ಬಿಡುವಿಲ್ಲದವನಿಗೆ ದೇವರ ಬಾಗಿಲು ಮುಚ್ಚಿದೆಯೆ? ಪಂಡಿತರು ಇದಕ್ಕೆ ಅನೇಕ ಉತ್ತರಗಳನ್ನು ಬರೆದಿದ್ದಾರೆ. ನಾವಾದರೋ ಇಲ್ಲಿ ಒಬ್ಬ ಅಡಿಗೆಯವರ ಬಾಳಿನಿಂದ ದೊರೆಯುವ ಉತ್ತರವನ್ನು ವಿಚಾರ ಮಾಡೋಣ.

ಇವರ ಹೆಸರು ನಿಕೊಲಾ ಹರ್ಮನ್. ಇಂದಿನ ಫ್ರಾನ್ಸಿನ ಪೂರ್ವಭಾಗದಲ್ಲಿರುವ ಲೊರೇನ್ ಪ್ರಾಂತದಲ್ಲಿ ಸುಮಾರು 1614ರಲ್ಲಿ ಬಡ ಮನೆತನದಲ್ಲಿ ಹುಟ್ಟಿದರು. ಆ ಸೀಮೆಯಲ್ಲಿ ಚಳಿಗಾಲ ಬಂತೆಂದರೆ ಎಷ್ಟೋ ಮರಗಳು ತಿಂಗಳುಗಟ್ಟಲೆ ಬೋಳಾಗಿ ನಿಲ್ಲುತ್ತವೆ. ಇವರು 18 ವರ್ಷದವರಾಗಿದ್ದಾಗ ಅಂಥ ಮರವೊಂದನ್ನು ನೋಡಿ, ಕೆಲಕಾಲದಲ್ಲಿಯೇ ಇದು ಚಿಗುರಿ, ಹೂತು, ಫಲ ಬಿಡುವುದಲ್ಲವೆ ಎಂದು ಯೋಚಿಸಿದರು. ಅಷ್ಟರಿಂದಲೇ ದೇವರ ಶಕ್ತಿಯೂ ಪಾಲನೆಯೂ ಅವರ ಮನಸ್ಸಿಗೆ ಹೊಳೆದುವು. ಆ ಹೊಳಹು ಜೀವಮಾನ ಪರ್ಯಂತ ಮಾಸಲಿಲ್ಲ.

ಆದರೆ ಬೆಳಕು ಕಂಡ ಮಾತ್ರಕ್ಕೆ ಬೆಳವಣಿಗೆ ಮುಗಿಯಲಿಲ್ಲ. ಯೂರೋಪನ್ನು 1618ರಿಂದ 1648ರವರೆಗೆ ಸುಟ್ಟ ಮೂವತ್ತು ವರ್ಷಗಳ ಯುದ್ಧದಲ್ಲಿ ಅವರು ಸಿಪಾಯಿಯಾಗಿ ಗಾಯಗೊಂಡರು. ಬಳಿಕ ಒಬ್ಬ ಸಿರಿವಂತ ಅಧಿಕಾರಿಯ ಮನೆಯಲ್ಲಿ ಊಳಿಗಕ್ಕೆ ನಿಂತರು. ಕೈಗೆ ಸಿಕ್ಕಿದ್ದನ್ನೆಲ್ಲ ಒಡೆಯುವ ಒರಟು ಆಳು ತಾನೆಂದು ಅವರೇ ಮುಂದೆ ಹೇಳಿಕೊಂಡುದುಂಟು. 1640ರಲ್ಲಿ ಪ್ಯಾರಿಸಿನ ಕಾರ್ಮೆಲೈಟ್ ಮಠವನ್ನು ಸೇರಿ, ಪಾದ್ರಿಯಾಗದೆ, ಮೈಗೆಲಸ ಮಾಡುವ ಸೋದರರಾದರು. ಅಲ್ಲಿ ಇಟ್ಟ ಹೆಸರಿನಿಂದಲೇ ಸೋದರ ಲಾರೆನ್ಸ್ ಎಂದು ಲೋಕ ಅವರನ್ನು ಬಲ್ಲುದು.

ಮಠದಲ್ಲಿ ಅವರ ಪಾಲಿಗೆ ಬಂದುದು ಅಡಿಗೆಮನೆ. ಅದು ಅವರಿಗೆ ಸ್ವಭಾವತಃ ಬೇಡವಾದ ಕೆಲಸ. ಆದರೂ ಸುಮಾರು 15 ವರ್ಷ ಅದನ್ನೇ ಮಾಡಿದರು. ಆಮೇಲೆ ಸೋದರರ ಪಾದರಕ್ಷೆಗಳನ್ನು ದುರಸ್ತು ಮಾಡುವ ಕೆಲಸ ಬಂತು. ಒಮ್ಮೆ ದ್ರಾಕ್ಷಾರಸವನ್ನು ಕೊಂಡು ತರಲು ದೂರದ ಬರ್ಗಂಡಿಗೆ ಕಳುಹಿಸಿದರು. ವ್ಯಾಪಾರ ಅರಿಯದ, ಕಾಲು ಕುಂಟಾದ ಅವರು ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳುತ್ತ ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಬೇಕಾಯಿತು. ಇದು ನಿನ್ನ ಕೆಲಸ, ನೀನೇ ನೋಡಿಕೊ ಎಂದು ದೇವರಿಗೆ ಒಪ್ಪಿಸಿ ಹೊರಟರಂತೆ. ಕೆಲಸವೂ ಚೆನ್ನಾಗಿಯೇ ಕೈಗೂಡಿತು.

ಅವರ ಸಾಧನೆಯ ಕ್ರಮ ಬಹಳ ಸರಳವಾದುದು. ಕೆಲಸಕ್ಕೆ ತೊಡಗುವ ಮೊದಲು ದೇವರನ್ನು ನೆನೆದು ಸಹಾಯ ಬೇಡುವುದು; ಕೆಲಸದ ನಡುವೆ, ಹತ್ತಿರ ನಿಂತವರೊಡನೆ ಆಡುವಂತೆ ಎರಡು ಮಾತನಾಡುವುದು; ಮುಗಿದ ಮೇಲೆ, ಚೆನ್ನಾಗಿದ್ದರೆ ವಂದನೆ ಹೇಳಿ, ಕೆಟ್ಟಿದ್ದರೆ ಕ್ಷಮೆ ಬೇಡುವುದು. ಬಾಣಲೆಯಲ್ಲಿ ಮೊಟ್ಟೆಯ ದೋಸೆಯನ್ನು ಮಗುಚುವುದೂ, ನೆಲದಲ್ಲಿ ಬಿದ್ದ ಹುಲ್ಲುಕಡ್ಡಿಯನ್ನು ಎತ್ತುವುದೂ ದೇವರ ಪ್ರೀತಿಗಾಗಿಯೇ ಆಗಬಹುದೆಂದು ಅವರು ನಂಬಿದ್ದರು. ಕೆಲಸ ಸಣ್ಣದಾದರೆ ಅದರ ಬೆಲೆಯೂ ಸಣ್ಣದೆಂಬ ಲೋಕದ ಲೆಕ್ಕ ಇಲ್ಲಿ ಸಲ್ಲದು.

ಮನಸ್ಸು ಅಲೆದರೆ ಗತಿಯೇನು? ನಮ್ಮಲ್ಲಿ ಬಹುಮಂದಿ ಸೋಲುವುದು ಇಲ್ಲಿಯೇ. ಮರೆತೆವೆಂದು ವ್ಯಥೆಪಡುತ್ತೇವೆ, ನಮಗೆ ಇದು ಸಲ್ಲದೆಂದು ಕೈಬಿಡುತ್ತೇವೆ. ಸೋದರ ಲಾರೆನ್ಸರೂ ಮರೆಯುತ್ತಿದ್ದರು. ಮರೆತುದು ನೆನಪಾದ ಕೂಡಲೆ ತಪ್ಪನ್ನು ಒಪ್ಪಿಕೊಂಡು, ಅದನ್ನೇ ಕೆದಕುತ್ತ ಕುಳಿತುಕೊಳ್ಳದೆ, ಮರಳಿ ತಿರುಗುತ್ತಿದ್ದರು. ಸಾವಿರ ಸಲ ಅಲೆದ ಮನಸ್ಸು ಸಾವಿರ ಸಲ ಹಿಂದಿರುಗಿದರೆ ಅಲ್ಲಿ ಬೆಳವಣಿಗೆ ನಡೆದಿದೆಯೆಂದೇ ತಿಳಿಯತಕ್ಕದ್ದು. ದಾರಿ ಸುಗಮವಾಗಿತ್ತೆಂದಲ್ಲ. ಮೊದಲ 10 ವರ್ಷ ಅವರು ತಮ್ಮ ಪಾಪಗಳ ನೆನಪಿನಿಂದ ಬಹಳ ನೊಂದರು. ಈ ಕಳವಳದಲ್ಲಿಯೇ ಬಾಳು ಮುಗಿಯುವುದಾದರೆ ಮುಗಿಯಲಿ, ದೇವರನ್ನು ಮಾತ್ರ ಬಿಡೆನೆಂದು ನಿಶ್ಚಯಿಸಿದ ಮೇಲೆ ಅವರಿಗೆ ಶಾಂತಿ ದೊರೆಯಿತು.

ಇಲ್ಲೊಂದು ಆಕ್ಷೇಪಣೆ ಬರುವುದು ನ್ಯಾಯವೇ. ಅವರು ಮಠದವರು, ಮಕ್ಕಳ ಕಾಯಿಲೆ, ಮನೆಯ ಬಾಡಿಗೆ, ಮೇಲಧಿಕಾರಿಯ ಕೋಪ ಅವರಿಗಿರಲಿಲ್ಲ. ಪ್ರಾರ್ಥನೆಗೆಂದೇ ಗೊತ್ತಾದ ವೇಳೆಗಳೂ ಅವರಿಗಿದ್ದುವು. ಅವುಗಳನ್ನು ಅವರು ತಪ್ಪಿಸಲಿಲ್ಲ. ಆದುದರಿಂದ ಕೆಲಸವೇ ಪ್ರಾರ್ಥನೆ, ಬೇರೆ ಪ್ರಾರ್ಥನೆ ಬೇಡವೆಂದು ಅವರ ಹೆಸರಿನಲ್ಲಿ ಹೇಳುವುದು ಸರಿಯಲ್ಲ. ಆದರೂ ಪಾತ್ರೆಗಳ ಸದ್ದು, ಏಕಕಾಲದಲ್ಲಿ ಹಲವರ ಕೂಗು, ಮನಸ್ಸಿಗೆ ಒಗ್ಗದ ದುಡಿಮೆ ಇವು ಮಠದ ಅಡಿಗೆಮನೆಯಲ್ಲೂ ಇದ್ದುವು. ಆ ಗದ್ದಲದಲ್ಲಿ ದೊರೆತ ಶಾಂತಿ ಕಚೇರಿಯ ಮೇಜಿನ ಮುಂದೆ ದೊರೆಯಬಾರದೆಂಬ ನಿಯಮವಿಲ್ಲ.

ಈ ವಿಚಾರ ಅವರೊಬ್ಬರದೇ ಅಲ್ಲ. ಆರನೆಯ ಶತಮಾನದ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಗಳಲ್ಲಿ, ಉಗ್ರಾಣದವನು ಅಲ್ಲಿಯ ಪಾತ್ರೆಪದಾರ್ಥಗಳನ್ನು ಪೂಜಾಪಾತ್ರೆಗಳಂತೆ ಕಾಣಬೇಕೆಂದು ವಿಧಿಸಿದರು. ಮಾರ್ಕನ ಸುವಾರ್ತೆಯಲ್ಲಿ ಬರುವ ಸಾಮ್ಯವೊಂದರಲ್ಲಿ ರೈತನು ಬೀಜ ಬಿತ್ತಿ, ರಾತ್ರಿ ಮಲಗಿ ಹಗಲು ಏಳುತ್ತಿರುವಾಗ, ಅವನಿಗೆ ತಿಳಿಯದ ಹಾಗೆ ಪೈರು ಮೊಳೆತು ಬೆಳೆಯುತ್ತದೆ. ದಿನಕ್ಕೊಮ್ಮೆ ಮಣ್ಣು ಕೆದಕಿ ನೋಡುವವನ ಬೀಜ ಬೆಳೆಯುವುದುಂಟೆ? ತಾನೆಷ್ಟು ಬೆಳೆದೆನೆಂದು ಅಳೆಯುತ್ತ ಕೂರುವ ಭಕ್ತನ ಪಾಡೂ ಅಷ್ಟೆ.

ಸೋದರ ಲಾರೆನ್ಸರು 1691ರ ಫೆಬ್ರವರಿ 12ರಂದು ತೀರಿಕೊಂಡರು. ಅವರೊಡನೆ 1666ರಿಂದ ಸಂಭಾಷಿಸಿದ್ದ ಬೋಫೋರ್ ಎಂಬ ಪಾದ್ರಿಯವರು ಆ ಮಾತುಗಳನ್ನೂ ಕೆಲವು ಪತ್ರಗಳನ್ನೂ ಸಂಗ್ರಹಿಸಿ ಅಚ್ಚು ಮಾಡಿಸಿದರು. ಕಥೋಲಿಕ ಮಠದಲ್ಲಿ ಹುಟ್ಟಿದ ಈ ಪುಟ್ಟ ಪುಸ್ತಕವನ್ನು ಪ್ರಾಟೆಸ್ಟಂಟರೂ ಆದರದಿಂದ ಓದಿದರು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿಯವರು ಇದರ ಭಾಗಗಳನ್ನು ತಮ್ಮ ಗ್ರಂಥಮಾಲೆಯಲ್ಲಿ ಸೇರಿಸಿದರು. ಮೈಸೂರು ಸೀಮೆಯಲ್ಲಿ ಶಾಲೆಗಳನ್ನೂ ಮುದ್ರಣಾಲಯವನ್ನೂ ನಡೆಸಿದ ವೆಸ್ಲಿಯನ್ ಮಿಷನ್ ಹೆಸರು ಪಡೆದುದು ಇವರಿಂದಲೇ.

ಹಾಗಾದರೆ ನಾವು ಮಾಡಬಹುದಾದುದೇನು? ಇಡೀ ದಿನವನ್ನು ಒಮ್ಮೆಗೇ ಬದಲಾಯಿಸಲು ಹೊರಡುವುದು ಬೇಡ. ನಮಗೆ ಬೇಡವೆನಿಸುವ ಒಂದು ಕೆಲಸವನ್ನು ಆರಿಸಿಕೊಂಡು, ಅದರ ಮೊದಲೊಂದು ಮಾತು, ನಡುವೆ ಒಂದು ನೆನಪು, ಕೊನೆಗೊಂದು ವಂದನೆ, ಇಷ್ಟನ್ನು ನಡಸಿದರೆ ಸಾಕು. ಕೆಲಸ ಚೊಕ್ಕಟವಾಯಿತೆ, ನಮ್ಮ ಪಕ್ಕದಲ್ಲಿ ದುಡಿಯುವವರಿಗೆ ನಮ್ಮಿಂದ ಹಗುರವಾಯಿತೆ ಎಂಬುದೇ ಇದರ ಪರೀಕ್ಷೆ. ಮರೆತ ದಿನ, ಮರೆತೆವೆಂದು ಹೇಳಿ ಮತ್ತೆ ತೊಡಗುವುದು.