ಹಿಮದ ನಾಡಿನ ಗಿಡ್ಡ ಜುಟ್ಟಿನ ಕೋಳಿ

ಕೋಳಿಯ ಮೈಬಿಸಿ ಸದಾ 41 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಜನವರಿಯ ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿದಾಗಲೂ ಅದು ಈ ಬಿಸಿಯನ್ನು ಬಿಟ್ಟುಕೊಡುವುದಿಲ್ಲ. ಗರಿ ಕೆದರಿಕೊಂಡು ಕೂತರೆ ಒಳಗಿನ ನವಿರು ಪುಕ್ಕಗಳ ನಡುವೆ ಗಾಳಿ ಸಿಕ್ಕಿಕೊಂಡು ಮೈಯ ಶಾಖ ಹೊರಹೋಗದಂತೆ ತಡೆಯುತ್ತದೆ. ಕಾಲಿಗೆ ಗರಿಯಿಲ್ಲ. ಅಲ್ಲಿ ಬಿಸಿರಕ್ತ ಇಳಿಯುವ ನಾಳ, ತಣಿದ ರಕ್ತ ಏರುವ ನಾಳ ಎರಡೂ ಒತ್ತಾಗಿ ಸಾಗುತ್ತವೆ. ಇಳಿಯುವ ರಕ್ತ ತನ್ನ ಶಾಖವನ್ನು ಏರುವ ರಕ್ತಕ್ಕೆ ದಾಟಿಸುವುದರಿಂದ ಅದು ಪಾದದವರೆಗೆ ಹೋಗಿ ವ್ಯರ್ಥವಾಗದೆ ಒಡಲಿಗೇ ಮರಳುತ್ತದೆ.

ಕಾಪಿಲ್ಲದೆ ಉಳಿಯುವುದು ಜುಟ್ಟು ಮತ್ತು ಗದ್ದದಡಿ ಜೋಲುವ ಕೆಂಪು ತೊಗಲು. ಬೇಸಿಗೆಯಲ್ಲಿ ಇವು ಕಾರಿನ ರೇಡಿಯೇಟರ್ ಇದ್ದಂತೆ. ಬೆವರಲಾರದ ಕೋಳಿ ಇವುಗಳ ಮೂಲಕ ಶಾಖ ಕಳೆಯುತ್ತದೆ. ಚಳಿಗಾಲದಲ್ಲಿ ಇದೇ ತೊಡಕಾಗುತ್ತದೆ. ಶಾಖ ಉಳಿಸಲು ರಕ್ತನಾಳಗಳು ಬಿಗಿದುಕೊಂಡಾಗ ಜುಟ್ಟಿನ ತುದಿಗೆ ರಕ್ತ ಸಾಲದು. ಅಲ್ಲಿನ ಚರ್ಮ ಹೆಪ್ಪುಗಟ್ಟಿ ಬಿಳಚುತ್ತದೆ, ಆಮೇಲೆ ಕಪ್ಪಾಗಿ ಸಾಯುತ್ತದೆ. ಎತ್ತರದ ಒಂಟಿ ಜುಟ್ಟಿನ ಲೆಗ್‌ಹಾರ್ನ್ ಹುಂಜಗಳಿಗೆ ಈ ಕಾಟ ಹೆಚ್ಚು.

ಇದಕ್ಕೆ ತಳಿಯಲ್ಲೇ ಪರಿಹಾರ ಹುಡುಕಿದವರು ಮಾಂಟ್ರಿಯಲ್ ಸಮೀಪದ ಓಕಾ ಮಠದ ಸನ್ಯಾಸಿ ವಿಲ್ಫ್ರಿಡ್ ಶಾಟಲೇನ್. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕೆಲಸ ಶುರುಮಾಡಿ ಕಾರ್ನಿಷ್, ಲೆಗ್‌ಹಾರ್ನ್, ರೋಡ್ ಐಲ್ಯಾಂಡ್ ರೆಡ್, ವಯಾಂಡಾಟ್, ಪ್ಲಿಮತ್ ರಾಕ್ ತಳಿಗಳನ್ನು ಬೆರೆಸಿದರು. 1918ರಲ್ಲಿ ಹೊರಬಂದ ಆ ಬಿಳಿ ಕೋಳಿಯೇ ಶಾಂಟ್‌ಕ್ಲೇರ್. ನೆತ್ತಿಗೆ ಅಂಟಿದ ಪುಟ್ಟ ಜುಟ್ಟು, ಹೆಸರಿಗಷ್ಟೇ ಇರುವ ಜೋಲುತೊಗಲು. ಹೆಪ್ಪುಗಟ್ಟಲು ಅಲ್ಲಿ ಹೆಚ್ಚೇನೂ ಇಲ್ಲ.

ಕಾರ್ನಿಷ್ ಕೋಳಿಯನ್ನು ಇಂಗ್ಲೆಂಡಿನವರು 'ಇಂಡಿಯನ್ ಗೇಮ್' ಎನ್ನುತ್ತಿದ್ದರು. ಅದರ ಮೂಲದಲ್ಲಿ ನಮ್ಮ ಅಸೀಲ್ ಇದೆ. ಅಂಕದ ಕಣದಲ್ಲಿ ಹೆಸರಾದ ಅಸೀಲಿನದು ಮೂರು ಸಾಲಿನ ಗಿಡ್ಡ ಬಟಾಣಿ ಜುಟ್ಟು. ವಯಾಂಡಾಟ್‌ನದು ಚಪ್ಪಟೆ ಗುಲಾಬಿ ಜುಟ್ಟು. ಈ ಎರಡರ ವಂಶವಾಹಿಗಳು ಒಂದೇ ಕೋಳಿಯಲ್ಲಿ ಸೇರಿದರೆ ತಂದೆ ತಾಯಿ ಇಬ್ಬರಲ್ಲೂ ಇಲ್ಲದ ಮೂರನೆಯ ಬಗೆಯ ಜುಟ್ಟು ಹುಟ್ಟುತ್ತದೆ ಎಂದು ತಳಿವಿಜ್ಞಾನಿಗಳಾದ ಬೇಟ್‌ಸನ್ ಮತ್ತು ಪನ್ನೆಟ್ ಶತಮಾನದ ಆ ಮೊದಲ ದಶಕದಲ್ಲೇ ತೋರಿಸಿದ್ದರು. ಶಾಂಟ್‌ಕ್ಲೇರ್‌ನ ಜುಟ್ಟು ಆ ಬಗೆಯದು. ಸೆಕೆಯ ನಾಡಿನ ಕೋಳಿಯೊಂದರ ಗುಣ ಕ್ವಿಬೆಕ್ಕಿನ ಹಿಮದಲ್ಲಿ ಉಪಕಾರಕ್ಕೆ ಬಂದದ್ದು ನನಗೆ ಬಹಳ ಖುಷಿ ಕೊಡುವ ಸಂಗತಿ.

ಹಾಗೆಂದು ಜುಟ್ಟನ್ನೇ ನಂಬಿ ಕೂರುವಂತಿಲ್ಲ. ಚಳಿಗಿಂತ ದೊಡ್ಡ ಶತ್ರು ತೇವ. ಕೋಳಿಗೆ ಮೂತ್ರಕೋಶವಿಲ್ಲ, ಎಲ್ಲವೂ ಹಿಕ್ಕೆಯೊಂದಿಗೇ ಹೊರಬರುತ್ತದೆ. ಹಸಿ ಹಿಕ್ಕೆಯ ಮುಕ್ಕಾಲು ಪಾಲು ನೀರು. ಅದರ ಮೇಲೆ ಉಸಿರಿನ ಆವಿ. ಪಾಪ, ಚಳಿಯಾದೀತು ಎಂದು ಸಂದುಗೊಂದನ್ನೆಲ್ಲ ಮುಚ್ಚಿದರೆ ಈ ತೇವ ಜುಟ್ಟಿನ ಮೇಲೇ ಕೂತು ಹೆಪ್ಪುಗಟ್ಟುತ್ತದೆ. ಜೊತೆಗೆ ಹಿಕ್ಕೆಯಿಂದೇಳುವ ಅಮೋನಿಯ ಕಣ್ಣು, ಶ್ವಾಸನಾಳಗಳನ್ನು ಸುಡುತ್ತದೆ. ಅದಕ್ಕೇ ಬಲ್ಲವರು ಸೂರಿನಡಿ, ಕೂತ ಕೋಳಿಯ ತಲೆಗಿಂತ ಮೇಲೆ, ಗಾಳಿಕಿಂಡಿಗಳನ್ನು ಚಳಿಗಾಲವಿಡೀ ತೆರೆದಿಡುತ್ತಾರೆ. ಕೋಳಿ ಕೂರುವ ಮಟ್ಟದಲ್ಲಿ ಮಾತ್ರ ಗಾಳಿ ಬೀಸಗೊಡುವುದಿಲ್ಲ. ಕೂರಲು ದುಂಡು ಕೋಲಿನ ಬದಲು ನಾಲ್ಕು ಬೆರಳಗಲದ ಪಟ್ಟಿ ಹಾಕಿದರೆ ಪಾದ ಚಪ್ಪಟೆಯಾಗಿ ಊರಿ, ಎದೆಯ ಗರಿ ಬೆರಳುಗಳನ್ನು ಮುಚ್ಚುತ್ತದೆ. ಬಿಸಿಗೆಂದು ತೂಗುಹಾಕುವ ದೊಡ್ಡ ದೀಪ ಒಣ ಹುಲ್ಲಿನ ಮೇಲೆ ಬಿದ್ದರೆ ಗೂಡೇ ಸುಟ್ಟುಹೋಗುತ್ತದೆ. ಬಲಿತ ಕೋಳಿಗೆ ಅದು ಬೇಕಿಲ್ಲ ಎಂದೇ ನನ್ನ ವಾದ.

ಮೇಯಲು ಬಿಟ್ಟ ಕೋಳಿ ಹಿಮ ಕಂಡರೆ ಬಾಗಿಲಲ್ಲೇ ನಿಂತುಬಿಡುತ್ತದೆ. ಹಿಮ ಸರಿಸಿ ದಾರಿಯುದ್ದಕ್ಕೂ ಹುಲ್ಲು ಹರಡಿಕೊಟ್ಟರೆ ಹೊರಬರುತ್ತದೆ. ಕೆದಕಿದರೆ ಹುಳುವಾಗಲಿ ಹಸಿರಾಗಲಿ ಸಿಗದ ಕಾಲ ಅದು, ಮೇವನ್ನೆಲ್ಲ ಸಾಕಿದವರೇ ಕೊಡಬೇಕು. ಸಂಜೆ ಕಾಳು ಹಾಕಿದರೆ ಗಂಟಲಚೀಲ ತುಂಬಿಕೊಂಡು ಮಲಗುತ್ತದೆ, ರಾತ್ರಿ ಅದು ಜೀರ್ಣವಾಗುತ್ತ ಮೈ ಬೆಚ್ಚಗಾಗುತ್ತದೆ. ನೀರು ಗಡ್ಡೆಕಟ್ಟದಂತೆ ನೋಡಿಕೊಳ್ಳುವುದು ಇದಕ್ಕಿಂತ ಮುಖ್ಯ. ನೀರಿಲ್ಲದ ಕೋಳಿ ಮೇವನ್ನೂ ಬಿಡುತ್ತದೆ, ಮೇವು ಬಿಟ್ಟರೆ ಶಾಖ ಎಲ್ಲಿಂದ?

ಚಳಿಗಾಲದಲ್ಲಿ ಮೊಟ್ಟೆ ಕಡಿಮೆಯಾಗುವುದಕ್ಕೆ ಚಳಿಗಿಂತ ಬೆಳಕಿನ ಕೊರತೆಯೇ ಕಾರಣ. ತಲೆಬುರುಡೆ ದಾಟಿ ಬರುವ ಬೆಳಕನ್ನು ಕೋಳಿಯ ಮಿದುಳೇ ನೇರವಾಗಿ ಗ್ರಹಿಸುತ್ತದೆ. ಚೆನ್ನಾಗಿ ಮೊಟ್ಟೆಯಿಡಲು ದಿನಕ್ಕೆ ಸುಮಾರು 14 ತಾಸು ಬೆಳಕು ಬೇಕು, ಮಾಂಟ್ರಿಯಲ್‌ನ ಡಿಸೆಂಬರ್ ಹಗಲು 9 ತಾಸಿಗೂ ಕಡಿಮೆ. ಬಲ್ಬು ಉರಿಸಿ ಮೊಟ್ಟೆ ಪಡೆಯಬಹುದು. ಆದರೆ ಹಳೆ ಗರಿ ಉದುರಿಸಿ ಹೊಸದು ಬೆಳೆಸುವ ಹಿತ್ತಲ ಕೋಳಿಗೆ ಆ ತಿಂಗಳುಗಳ ಬಿಡುವು ಸಿಗಲಿ ಎನ್ನುವವರ ಪರ ನಾನು.

ನಮ್ಮ ಬೀದರ, ವಿಜಯಪುರದ ಕಡೆ ರಾತ್ರಿ 10 ಡಿಗ್ರಿಗೆ ಇಳಿದರೂ ಬಲಿತ ನಾಟಿ ಕೋಳಿಗೆ ಅದು ಲೆಕ್ಕವಲ್ಲ. ಗರಿ ಬಾರದ ಮರಿಗಳ ಮಾತು ಬೇರೆ. ಮೊದಲ ವಾರ ಅವಕ್ಕೆ 35 ಡಿಗ್ರಿಯಷ್ಟು ಬಿಸಿ ಬೇಕು. ದೊಡ್ಡ ಕೋಳಿಗಳ ಗೂಡಿಗೆ ಗೋಣಿ, ಟಾರ್ಪಾಲು ಸುತ್ತಿ ಉಸಿರುಕಟ್ಟಿಸುವ ತಪ್ಪು ಇಲ್ಲೂ ನಡೆಯುತ್ತದೆ. ಬೆಳಗ್ಗೆ ಬಾಗಿಲು ತೆಗೆದಾಗ ಮೂಗಿಗೆ ಘಾಟು ಹೊಡೆದರೆ ಕೋಳಿ ಇರುಳೆಲ್ಲ ಅದನ್ನೇ ಉಸಿರಾಡಿದೆ. ಗಾಳಿ ಬೀಸುವ ಬದಿಗೆ ಮಾತ್ರ ಗೋಣಿ ಕಟ್ಟಿ, ಸೂರಿನ ಕೆಳಗೆ ಒಂದಡಿ ತೆರೆದು ಬಿಡಿ.