ಕಲ್ಲಿನ ಮೈಗೆ ಬೆಳಕಿನ ಕಣ್ಕಟ್ಟು

ಹೊಸೂರು: ಮಟಮಟ ಮಧ್ಯಾಹ್ನ ವೀರಗಲ್ಲಿನ ಮುಂದೆ ನಿಂತರೆ ಕಾಣೋದು ಸವೆದ ಬಂಡೆ, ಅಷ್ಟೇ. ಅದೇ ಕಲ್ಲನ್ನು ಸಂಜೆ ಐದೂವರೆಗೆ ನೋಡಿ. ಬಿಸಿಲು ಓರೆಯಾಗಿ ಬೀಳುತ್ತಿದ್ದಂತೆ ಕತ್ತಿ ಹಿಡಿದ ಕೈ ಎದ್ದು ಬರುತ್ತದೆ, ಅಕ್ಷರಗಳ ಅಂಚಿಗೆ ನೆರಳು ಕೂರುತ್ತದೆ. ಕಲ್ಲು ಅದೇ, ಬೆಳಕಿನ ಕೋನ ಬೇರೆ.

ಇಲ್ಲಿಂದ ಸುಮಾರು 40 ಕಿ.ಮೀ. ದೂರದ ಬೆಂಗಳೂರಿನಲ್ಲಿ ಇದೇ ಸಂಗತಿಯನ್ನು ನಂಬಿ ಸಂಬಳ ಎಣಿಸುವವರಿದ್ದಾರೆ. ವಿಡಿಯೊ ಗೇಮ್‌ಗಳ ಗೋಡೆ, ಬಂಡೆ, ಕಾರು, ಚರ್ಮದ ಜಾಕೆಟ್ಟುಗಳಿಗೆ 'ಮೈ' ಹೊದಿಸುವ ಟೆಕ್ಸ್‌ಚರ್ ಆರ್ಟಿಸ್ಟ್‌ಗಳು ಇವರು. ಮೊಮ್ಮಗ ಗೇಮ್ ಕಂಪನೀಲಿ ಕೆಲಸ ಮಾಡ್ತಾನೆ ಅಂದರೆ "ಅಲ್ಲೂ ಆಟಾನೇನಾ?" ಎಂದು ಕೇಳುವ ಅಜ್ಜಿಯರು ಗಡಿಯ ಎರಡೂ ಕಡೆ ಇದ್ದಾರೆ. ಅವರಿಗೆ ಉತ್ತರ ಹೇಳಲು ಮನೆಯ ಒರಳು ಕಲ್ಲೇ ಸಾಕು.

ಸಾವಿರ ಗುಳಿ, ಒಂದೇ ಚಿತ್ರ: ಗೇಮಿನೊಳಗಿನ ವಸ್ತು ಅಂದರೆ ಸಣ್ಣ ಸಣ್ಣ ತ್ರಿಕೋನಗಳ ಜೋಡಣೆ. ಒರಳಿನ ಆಕಾರಕ್ಕೆ ಕೆಲವು ನೂರು ತ್ರಿಕೋನ ಸಾಕು. ಆದರೆ ಉಳಿ ಏಟಿನ ಒಂದೊಂದು ಗುಳಿಯನ್ನೂ ತ್ರಿಕೋನದಲ್ಲೇ ಕಟ್ಟಲು ಹೊರಟರೆ ಲೆಕ್ಕ ಲಕ್ಷಗಳಿಗೆ ಏರುತ್ತದೆ. ಸೆಕೆಂಡಿಗೆ 30-60 ಸಲ ಹೊಸ ಚಿತ್ರ ಬರೆಯಬೇಕಾದ ಕಂಪ್ಯೂಟರ್ ಏದುಸಿರು ಬಿಡುತ್ತದೆ.

ಅಮೆರಿಕದ ಜಿಮ್ ಬ್ಲಿನ್ 1978ರಲ್ಲೇ ಇದಕ್ಕೊಂದು ಉಪಾಯ ತೋರಿಸಿದರು. ಮೈ ನುಣುಪಾಗಿಯೇ ಇರಲಿ, ಬೆಳಕಿನ ಲೆಕ್ಕ ಹಾಕುವಾಗ ಮಾತ್ರ ಅದು ಸುಕ್ಕುಗಟ್ಟಿದೆ ಎಂದು ಕಂಪ್ಯೂಟರಿಗೆ ಸುಳ್ಳು ಹೇಳಿದರಾಯ್ತು! ಇದೇ ಬಂಪ್ ಮ್ಯಾಪಿಂಗ್. 1990ರ ದಶಕದಲ್ಲಿ ಇದರ ಮುಂದಿನ ರೂಪವಾಗಿ ನಾರ್ಮಲ್ ಮ್ಯಾಪ್ ಬಂತು. 2004ರಲ್ಲಿ ಬಂದ 'ಡೂಮ್ 3' ಗೇಮ್ ಅದನ್ನು ಆಟಗಾರರ ಮನೆಮನೆಗೆ ಮುಟ್ಟಿಸಿತು.

ಕೆಲಸ ಹೀಗೆ ನಡೆಯುತ್ತದೆ. ಮೊದಲು ಗುಳಿ, ಬಿರುಕು ಎಲ್ಲ ಇರುವ ಭಾರೀ ಮಾದರಿಯನ್ನು ಶಿಲ್ಪಿಯಂತೆ ಕೆತ್ತಬೇಕು. ಅದರ ಪಕ್ಕದಲ್ಲಿ ಅದೇ ಆಕಾರದ ಹಗುರ ಮಾದರಿ. ಭಾರೀ ಮಾದರಿಯ ಮೈ ಎಲ್ಲೆಲ್ಲಿ ಯಾವ ದಿಕ್ಕಿಗೆ ವಾಲಿದೆ ಎಂಬುದನ್ನು ಒಂದು ಚಿತ್ರಕ್ಕೆ ಇಳಿಸಿ ಹಗುರ ಮಾದರಿಗೆ ಹೊದಿಸುತ್ತಾರೆ. ಕಸುಬಿನವರು ಇದನ್ನು 'ಬೇಕ್' ಮಾಡೋದು ಅಂತಾರೆ. ಬೇಕರಿಗೂ ಇದಕ್ಕೂ ಸಂಬಂಧವಿಲ್ಲ.

ಆ ಚಿತ್ರ ನೋಡಲು ನೇರಳೆ ಬೆರೆತ ನೀಲಿ. ಅದರಲ್ಲಿ ಬಣ್ಣ ಅಂದರೆ ದಿಕ್ಕು: ಕೆಂಪು ಎಡ-ಬಲಕ್ಕೆ, ಹಸಿರು ಮೇಲೆ-ಕೆಳಗೆ, ನೀಲಿ ಎದುರಿಗೆ. ಸಮತಟ್ಟಾದ ಜಾಗಕ್ಕೆ 128, 128, 255 ಎಂಬ ಅಂಕಿ. ಹಸಿರಿನ ಲೆಕ್ಕದಲ್ಲಿ ಓಪನ್‌ಜಿಎಲ್, ಡೈರೆಕ್ಟ್‌ಎಕ್ಸ್ ಎಂಬ ಎರಡು ಪದ್ಧತಿಗಳುಂಟು. ಒಂದರ ಚಿತ್ರವನ್ನು ಇನ್ನೊಂದಕ್ಕೆ ಹಾಕಿದರೆ ಮೇಲಿಂದ ಬೆಳಕು ಬಿದ್ದಾಗ ಗುಳಿ ಗುಬುಟಾಗಿ ಕಾಣುತ್ತದೆ, ಕೊರೆದ ಅಕ್ಷರ ಉಬ್ಬುತ್ತದೆ. ಹೊಸಬರ ನಿದ್ದೆ ಕೆಡಿಸುವ ತಪ್ಪು ಇದು.

ಗ್ರಾನೈಟ್ ಹೇಳುವ ಪಾಠ: ಕೃಷ್ಣಗಿರಿ ಸುತ್ತಿನ ಗ್ರಾನೈಟ್ ಕಾರ್ಖಾನೆಗಳಲ್ಲಿ ಒಂದೇ ಕಲ್ಲಿನ ಒಂದು ಮೈ ಕನ್ನಡಿ, ಇನ್ನೊಂದು ಮೈ ಒರಟು. ನೀರು ಚೆಲ್ಲಿದರೆ ಒರಟು ಮೈಯ ಬಣ್ಣ ಗಾಢವಾಗಿ ಹೊಳಪೂ ಏರುತ್ತದೆ. ಗೇಮ್‌ನವರು ಇವನ್ನೆಲ್ಲ ಬಿಡಿಸಿಡುತ್ತಾರೆ. ಬಣ್ಣ ಒಂದು ಚಿತ್ರದಲ್ಲಿ, ಉಬ್ಬುತಗ್ಗು ಇನ್ನೊಂದರಲ್ಲಿ, ಒರಟುತನ ಮತ್ತೊಂದರಲ್ಲಿ. ಬಣ್ಣಕ್ಕಾಗಿ ಕಲ್ಲಿನ ಫೋಟೊ ತೆಗೆಯುವುದಾದರೆ ಮೋಡ ಕವಿದ ದಿನವೇ ಒಳ್ಳೆಯದು. ಬಿಸಿಲಲ್ಲಿ ತೆಗೆದರೆ ನೆರಳೂ ಚಿತ್ರದಲ್ಲಿ ಅಂಟಿಕೊಂಡು, ಗೇಮಿನಲ್ಲಿ ರಾತ್ರಿಯಾದರೂ ಹೋಗುವುದಿಲ್ಲ!

ಈ ಕಣ್ಕಟ್ಟು ಒಂದು ಕಡೆ ಸಿಕ್ಕಿಬೀಳುತ್ತದೆ. ಒರಳನ್ನು ಪಕ್ಕದಿಂದ ನೋಡಿದರೆ ಅಂಚಿನ ಗೆರೆ ನುಣ್ಣಗೇ ಇರುತ್ತದೆ.

ಕೆಲಸದ ಮಾತು: ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಸ್ಥಾಪಿಸಿದರು. 'ಫೋರ್ಜಾ' ಕಾರ್ ರೇಸ್ ಗೇಮ್‌ಗಳ ಕಲಾಕೆಲಸದಲ್ಲಿ ಈ ಸಂಸ್ಥೆಯ ಕೈ ಇತ್ತು. 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಕೊಂಡು ತನ್ನ ಬೆಂಗಳೂರು ಸ್ಟುಡಿಯೊಗೆ ಸೇರಿಸಿಕೊಂಡಿತು. ಇದು ಏರಿದ ಕಥೆ. ಇಳಿದದ್ದೂ ಇದೆ. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಭಾರತದಲ್ಲಿ ಬಾಗಿಲು ಹಾಕಿದಾಗ ಬೆಂಗಳೂರಿನಲ್ಲೂ ಕಲಾವಿದರು ಕೆಲಸ ಕಳೆದುಕೊಂಡರು. ಇತ್ತ 2022ರಲ್ಲಿ ಬಿಡುಗಡೆಯಾದ ಅನ್‌ರಿಯಲ್ ಎಂಜಿನ್ 5ರ 'ನ್ಯಾನೈಟ್' ಭಾರೀ ಮಾದರಿಗಳನ್ನೇ ನೇರವಾಗಿ ಓಡಿಸಬಲ್ಲದು. ಬೇಕ್ ಮಾಡುವ ಕೆಲಸದ ಒಂದಷ್ಟು ಭಾಗ ಅಲ್ಲಿಗೆ ಕಮ್ಮಿಯಾಯಿತು.

ಹಾಗಾಗಿ ಸಾಲ ಮಾಡಿ ಕೋರ್ಸಿನ ಫೀಸು ಕಟ್ಟುವ ಮೊದಲು ಮಗ ಅಥವಾ ಮಗಳಿಗೆ ಈ ಕೆಲಸ ಒಗ್ಗುತ್ತದೆಯೇ ಎಂದು ಮನೆಯಲ್ಲೇ ನೋಡಿಬಿಡುವುದು ವಾಸಿ. ಬ್ಲೆಂಡರ್ ತಂತ್ರಾಂಶ ಉಚಿತ. ಕೆತ್ತುವುದು, ಬೇಕ್ ಮಾಡುವುದು, ಬಣ್ಣ ಹಚ್ಚುವುದು ಮೂರೂ ಅದರಲ್ಲೇ ಆಗುತ್ತವೆ. ಹಿತ್ತಲಿನ ಒರಳನ್ನೇ ಕಟ್ಟಲಿ. ಗುಳಿಯಲ್ಲಿ ಕೂತ ಮಣ್ಣು, ರುಬ್ಬಿ ರುಬ್ಬಿ ನುಣುಪಾದ ಬಾಯಿ, ಎಣ್ಣೆ ಕೈ ತಾಗಿದ ಅಂಚು ಎಲ್ಲ ಅದರಲ್ಲಿ ಬರಲಿ. ಸ್ಟುಡಿಯೊಗಳು ಕೆಲಸಕ್ಕೆ ಕರೆಯುವಾಗ ಮೊದಲು ನೋಡೋದು ಮಾಡಿಟ್ಟ ಕೆಲಸವನ್ನು, ಸರ್ಟಿಫಿಕೇಟ್ ಆಮೇಲಿನ ಮಾತು.

ಮಾದರಿ ಹುಡುಕಲು ದೂರ ಹೋಗಬೇಕಿಲ್ಲ. ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ವೀರಗಲ್ಲುಗಳಿವೆ, ತಮಿಳಿನವರ ಬಾಯಲ್ಲಿ ನಡುಕಲ್. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ಅಲ್ಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸ ಶುರುಮಾಡಿತು. ಸ್ಕ್ಯಾನ್ ಆದ ಕಲ್ಲಿಗೆ ಪರದೆಯ ಮೇಲೆ ಬೇಕಾದ ಕಡೆಯಿಂದ ಬೆಳಕು ಬಿಟ್ಟು ಸವೆದ ಅಕ್ಷರ ಓದಬಹುದು. ಸ್ಕ್ಯಾನರ್ ಇಲ್ಲದವರು ಕತ್ತಲಾದ ಮೇಲೆ ಊರಿನ ಕಲ್ಲಿನ ಹತ್ತಿರ ಹೋಗಿ, ಟಾರ್ಚನ್ನು ಅದರ ಮೈಗೆ ಒರಗಿಸಿದಂತೆ ಪಕ್ಕದಿಂದ ಹಿಡಿದು ನೋಡಬಹುದು.