ಗಾಳಿ ಎಲ್ಲಿಂದ ಬರ್ತಿದೆ?

ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ. ಒಂದು ಯೆಜ್ಡಿ ಇದೆ. 1986ರ ಮಾಡೆಲ್. ನಂಜನಗೂಡು ಕಡೆಯ ನಮ್ಮೂರಿನಿಂದ ಮೈಸೂರಿನ ದೇವರಾಜ ಮಾರುಕಟ್ಟೆಗೆ ಅಪ್ಪ ಬಾಳೆಗೊನೆ ಹೇರಿಕೊಂಡು ಹೋಗುತ್ತಿದ್ದುದು ಇದರಲ್ಲೇ. ಬೆಳಗಿನ ಜಾವ ನಾಲ್ಕಕ್ಕೆ ಇದು ಸ್ಟಾರ್ಟ್ ಆದರೆ ಇಡೀ ಬೀದಿಗೆ ಎಚ್ಚರವಾಗುತ್ತಿತ್ತಂತೆ. ನಾನು ಒಂದನೇ ತರಗತಿಯಲ್ಲಿದ್ದಾಗ ನಿಂತದ್ದು ಮತ್ತೆ ಏಳಲಿಲ್ಲ. ಮೇಲೊಂದು ಟಾರ್ಪಾಲು, ಅದರ ಮೇಲೆ ಒಣಹುಲ್ಲು, ಸೀಟಿನ ಮೇಲೆ ಕೋಳಿ ಮೊಟ್ಟೆ.

ಕಳೆದ ವರ್ಷ ಗುಜರಿಯವನು 9 ಸಾವಿರಕ್ಕೆ ಕೇಳಿದ. ನನ್ನ ಕಾಲೇಜು ಫೀಸ್ ಕಟ್ಟುವ ಹೊತ್ತು ಅದು. ಅಪ್ಪ ‘ಕೊಟ್ಬಿಡೋಣ’ ಅಂದರು. ನಾನು ಬಿ.ಇ. ಮೆಕ್ಯಾನಿಕಲ್ ಓದುತ್ತಿರುವವನು. ಕಂಪ್ಯೂಟರ್ ಸೈನ್ಸ್ ಸೀಟು ಸಿಗದೆ ಇಲ್ಲಿಗೆ ಬಂದವನು ಎಂಬುದು ಊರಿಗೆಲ್ಲ ಗೊತ್ತು. ಆ ಅಳುಕೂ ಸೇರಿ ಬಾಯಿಂದ ಮಾತು ಜಾರಿತು: ‘ನಾನೇ ರಿಪೇರಿ ಮಾಡ್ತೀನಿ. ಓಡೋ ಯೆಜ್ಡಿಗೆ ಇದರ ಐದು ಪಟ್ಟು ರೇಟಿದೆ.’ ಅಮ್ಮ ಸಂಘದಲ್ಲಿ 15 ಸಾವಿರ ಸಾಲ ತೆಗೆದು ಕೈಗಿಟ್ಟಳು. ‘ಹಾಳು ಮಾಡ್ಬೇಡ’ ಅಂದದ್ದು ಅಷ್ಟೇ.

ಹಾಳು ಮಾಡಿದೆ. ಹೇಗೆ ಎಂದು ಹೇಳುವುದಕ್ಕೇ ಈ ಬರಹ.

ಮೈಸೂರಿನ ಗಾಡಿ

ಮೈಸೂರಿನವರಿಗೆ ಯೆಜ್ಡಿಯ ಪರಿಚಯ ಬೇಕಿಲ್ಲ. ಆದರೂ ನನ್ನ ಓರಗೆಯವರಿಗಾಗಿ ಎರಡು ಮಾತು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ತಯಾರಿಸತೊಡಗಿತು. 1973ರಿಂದ ಅದೇ ಬೈಕು ಯೆಜ್ಡಿ ಎಂಬ ಹೆಸರಿನಲ್ಲಿ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈಗ ಷೋರೂಮಿನಲ್ಲಿ ಸಿಗುವ ಜಾವಾ, ಯೆಜ್ಡಿಗಳು ಬೇರೆ ಕಂಪನಿಯವು, ಫೋರ್ ಸ್ಟ್ರೋಕ್ ಇಂಜಿನ್ನಿನವು. ಹಳೆಯದು ಟೂ ಸ್ಟ್ರೋಕ್. ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್. ಕಿಕ್ಕರೇ ಗೇರಿನ ಲಿವರ್ ಕೂಡ: ಒದ್ದು ಸ್ಟಾರ್ಟ್ ಮಾಡಿ ಮುಂದಕ್ಕೆ ತಿರುಗಿಸಿದರೆ ಅದರಲ್ಲೇ ಗೇರು ಹಾಕಬಹುದು. ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಹಾಕಬೇಕು. ಇಂಜಿನ್ನಿನ ಒಳಗೆ ಪಿಸ್ಟನ್ನಿಗೂ ಬೇರಿಂಗಿಗೂ ಜಿಡ್ಡು ಸಿಗುವುದು ಅದರಿಂದಲೇ. ಈ ಕೊನೆಯ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕೈಗೆ ಸಿಕ್ಕಿದ್ದು ಕಾರ್ಬುರೇಟರ್

ದಸರಾ ರಜೆಯಲ್ಲಿ ಕೆಲಸ ಶುರು. ಕಾರ್ಬುರೇಟರ್ ಬಿಚ್ಚಿದರೆ ತಳದ ಬಟ್ಟಲಿನಲ್ಲಿ ಹಳೇ ಪೆಟ್ರೋಲು ಒಣಗಿ ಹಲಸಿನ ಅಂಟಿನಂತೆ ಕೂತಿತ್ತು. ಕಾರ್ಬುರೇಟರಿನ ಕೆಲಸ ಹೇಳುವುದಕ್ಕೆ ಸುಲಭ. ಗಾಳಿ ಹೋಗುವ ದಾರಿ ನಡುವೆ ಕಿರಿದಾಗುತ್ತದೆ. ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ, ಕೆಳಗಿನ ಬಟ್ಟಲಿನಿಂದ ಪೆಟ್ರೋಲು ಮೇಲೇರಿ ಗಾಳಿಯಲ್ಲಿ ಬೆರೆಯುತ್ತದೆ. ಎಷ್ಟು ಬೆರೆಯಬೇಕೆಂದು ನಿರ್ಧರಿಸುವುದು ಸೂಜಿಮೊನೆಯಂಥ ತೂತಿರುವ ಹಿತ್ತಾಳೆಯ ಜೆಟ್‌ಗಳು. ಒಂದು ಸ್ಲೋ ಸ್ಪೀಡಿಗೆ, ಇನ್ನೊಂದು ಪೂರ್ತಿ ಎಕ್ಸಲೇಟರ್ ಕೊಟ್ಟಾಗ, ನಡುವಿನದಕ್ಕೆಲ್ಲ ಮೇಲಿಂದ ಇಳಿಬಿದ್ದ ಒಂದು ಸೂಜಿ.

ಜೆಟ್‌ಗಳನ್ನು ಕ್ಲೀನರಿನಲ್ಲಿ ರಾತ್ರಿಯಿಡೀ ನೆನೆಸಿ, ಗಾಳಿ ಹೊಡೆದು ಬಿಡಿಸಿದೆ. ಪ್ಯಾಕಿಂಗ್, ಫ್ಲೋಟಿನ ಸೂಜಿ ಹೊಸದು ಹಾಕಿದೆ. ತುಕ್ಕು ಹಿಡಿದಿದ್ದ ಸಿಲಿಂಡರನ್ನು ಲೇತಿನ ಅಂಗಡಿಗೆ ಒಯ್ದು ಬೋರ್ ಮಾಡಿಸಿ, 65 ಮಿ.ಮೀ. ಮೂಲ ಅಳತೆಗಿಂತ ಅರ್ಧ ಮಿ.ಮೀ. ದಪ್ಪದ ಹೊಸ ಪಿಸ್ಟನ್ ಕೂರಿಸಿದೆ. ಇಂಜಿನ್ನಿನ ಕೆಳಭಾಗವನ್ನು ಮುಟ್ಟಲಿಲ್ಲ. ಅದಕ್ಕೆ ಪುಲ್ಲರ್ ಬೇಕು, ಕ್ಲಚ್ ಬಿಚ್ಚಬೇಕು. ‘ತಿರುಗ್ತಿದೆಯಲ್ಲ, ಸಾಕು’ ಎಂದುಕೊಂಡೆ.

ಹನ್ನೊಂದನೆಯ ಒದೆತಕ್ಕೆ ಗಾಡಿ ಸ್ಟಾರ್ಟ್ ಆಯಿತು. ಬೀದಿಯವರೆಲ್ಲ ಬಂದು ನಿಂತರು. ನಾನು ವಿಡಿಯೊ ಮಾಡಿ ಸ್ಟೇಟಸ್ ಹಾಕಿದೆ.

ಆದರೆ ಒಂದು ತೊಂದರೆ. ಎಕ್ಸಲೇಟರ್ ಬಿಟ್ಟ ಮೇಲೂ ಇಂಜಿನ್ ಸದ್ದು ಕೂಡಲೇ ಇಳಿಯುತ್ತಿರಲಿಲ್ಲ. ನಿಂತಲ್ಲೇ ಒಮ್ಮೆ ಏರುವುದು, ಒಮ್ಮೆ ಇಳಿಯುವುದು. ಪ್ಲಗ್ ಬಿಚ್ಚಿ ನೋಡಿದರೆ ಸುಣ್ಣದಂತೆ ಬೆಳ್ಳಗೆ. ಗಾಳಿ ಜಾಸ್ತಿ, ಪೆಟ್ರೋಲು ಕಡಿಮೆ ಎಂದು ಅದರ ಅರ್ಥ. ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಗೆ ಹಾಕಿದೆ. ಹಾಗೆ ಮಾಡಿದರೆ ಸೂಜಿ ಮೇಲೇರಿ ಪೆಟ್ರೋಲು ಹೆಚ್ಚು ಬರುತ್ತದೆ. ಸ್ವಲ್ಪ ಸರಿಯಾಯಿತು. ಮರುದಿನ ಮತ್ತೆ ಅದೇ ಪಾಡು. ಮತ್ತೆ ಕಾರ್ಬುರೇಟರ್ ಬಿಚ್ಚಿದೆ. ಹೀಗೆ ಒಂದು ವಾರದಲ್ಲಿ ನಾಲ್ಕು ಸಲ. ಪ್ರತಿ ಸಲವೂ ಒಂದಿಷ್ಟು ಸುಧಾರಿಸುತ್ತಿತ್ತು. ಹಾಗೆ ಸುಧಾರಿಸಿದ್ದೇ ನನ್ನನ್ನು ಕೆಡಿಸಿತು.

ಊರಿನ ಹತ್ತಿರದ ಒಬ್ಬ ಹಿರಿಯ ಮೇಸ್ತ್ರಿಗೆ ಫೋನಿನಲ್ಲಿ ಸದ್ದು ಕೇಳಿಸಿದ್ದೆ. ಅವರು ಒಂದು ಕಾಲಕ್ಕೆ ಯಾದವಗಿರಿ ಕಾರ್ಖಾನೆಯಲ್ಲೇ ಕೆಲಸ ಮಾಡಿದವರು. ‘ಗಾಳಿ ಎಲ್ಲಿಂದ ಬರ್ತಿದೆ ನೋಡು ಮಗ. ಅಲ್ಲೀವರ್ಗೂ ಓಡಿಸ್ಬೇಡ’ ಅಂದಿದ್ದರು. ಹೂಂ ಅಂದೆ. ಗಾಳಿ ಕಾರ್ಬುರೇಟರಿನಿಂದಲ್ಲದೆ ಇನ್ನೆಲ್ಲಿಂದ ಬಂದೀತು ಎಂದುಕೊಂಡು ಗಾಡಿ ತೆಗೆದೆ.

ಕಡಕೊಳ ದಾಟುವಷ್ಟರಲ್ಲಿ ಇಂಜಿನ್ ಒಮ್ಮೆ ಕಿರುಗುಟ್ಟಿತು. ಹಿಂದಿನ ಚಕ್ರ ಜಾಮ್ ಆಗಿ ಎಳೆಯಿತು. ಕ್ಲಚ್ ಹಿಡಿದದ್ದರಿಂದ ಬೀಳಲಿಲ್ಲ. ಗೂಡ್ಸ್ ಆಟೊದಲ್ಲಿ ಹಾಕಿಕೊಂಡು ಮನೆಗೆ ತಂದೆ. ಸಿಲಿಂಡರ್ ಬಿಚ್ಚಿದರೆ ಹೊಸ ಪಿಸ್ಟನ್ನಿನ ಮೈಮೇಲೆ ಉದ್ದುದ್ದ ಗೀರು. ಬೋರೂ ಹೋಗಿತ್ತು. ಸಾಲದ ದುಡ್ಡಿನಲ್ಲಿ ಉಳಿದದ್ದು 4 ಸಾವಿರಕ್ಕಿಂತ ಕಡಿಮೆ. ಅಪ್ಪ ಬೈಯಲಿಲ್ಲ. ಟಾರ್ಪಾಲು ತಂದು ಮೊದಲಿನಂತೆಯೇ ಹೊದಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ಬಿ.ಪಿ. ನೋಡುವ ಯಂತ್ರ

ಮರುದಿನ ಮೇಸ್ತ್ರಿಯ ಶೆಡ್ಡಿಗೆ ಹೋದೆ. ‘ಬನ್ನಿ ಇಂಜಿನಿಯರ್ ಸಾಹೇಬ್ರೇ’ ಎಂದು ನಕ್ಕರು. ಸಿಲಿಂಡರ್ ವಾಪಸ್ ಕೂರಿಸಲು ಹೇಳಿ, ಕಬ್ಬಿಣದ ಪೆಟ್ಟಿಗೆಯಿಂದ ಅವರು ತೆಗೆದದ್ದು ಡಾಕ್ಟರುಗಳು ಬಿ.ಪಿ. ನೋಡುವ ಹಳೇ ಯಂತ್ರ. ತೋಳಿಗೆ ಸುತ್ತುವ ಪಟ್ಟಿ ಇಲ್ಲ. ಮೀಟರು, ರಬ್ಬರ್ ಬುರುಡೆ, ಕೊಳವೆ ಮಾತ್ರ. ಕೊಳವೆಯ ತುದಿಗೆ ಪಿಂಗಾಣಿ ಒಡೆದು ತೆಗೆದ ಒಂದು ಹಳೇ ಪ್ಲಗ್.

ಎರಡು ಸೈಲೆನ್ಸರ್ ಬಾಯಿಗೂ ಕಾರ್ಬುರೇಟರ್ ಕೂರುವ ಬಾಯಿಗೂ ಸೈಕಲ್ ಟ್ಯೂಬಿನ ರಬ್ಬರ್ ಇಟ್ಟು ಬಿರಡೆ ಬಿಗಿದರು. ಪಿಸ್ಟನ್ನನ್ನು ಕೆಳಗಿಳಿಸಿ, ಪ್ಲಗ್ಗಿನ ಜಾಗಕ್ಕೆ ಆ ಕೊಳವೆ ತಿರುಪಿ ಗಾಳಿ ಒತ್ತಿದರು. ಮುಳ್ಳು 250ಕ್ಕೆ ಏರಿತು. ಬಿಟ್ಟರು. ನಾನು ಹತ್ತು ಎಣಿಸುವಷ್ಟರಲ್ಲಿ ಸೊನ್ನೆಗೆ ಬಂತು. ‘ಇಷ್ಟು ಬೇಗ ಬಿ.ಪಿ. ಇಳಿದ್ರೆ ಮನುಷ್ಯ ಬದುಕ್ತಾನಾ?’ ಎಂದು ಕೇಳಿ ಸೋಪಿನ ನೀರು ಕೊಟ್ಟರು. ಪ್ಯಾಕಿಂಗ್‌ಗಳ ಸುತ್ತ ಹಚ್ಚಿದೆ, ಏನೂ ಇಲ್ಲ. ಬಲಗಡೆಯ ಮುಚ್ಚಳ ತೆಗೆದು ಡೈನಮೊ ಬಿಚ್ಚಿ ಹಚ್ಚಿದೆ. ಕ್ರ್ಯಾಂಕ್ ಶಾಫ್ಟ್ ಹೊರಬರುವ ಜಾಗದಲ್ಲಿ ಗುಳ್ಳೆಗಳು ಬುಸುಬುಸು ಎದ್ದವು.

ಅಲ್ಲಿದ್ದದ್ದು ಒಂದು ಆಯಿಲ್ ಸೀಲ್. ಬಳೆಯಷ್ಟೂ ದೊಡ್ಡದಿಲ್ಲದ ರಬ್ಬರ್ ಉಂಗುರ. ಹದಿನಾಲ್ಕು ವರ್ಷ ನಿಂತು ಒಣಗಿ ಕಲ್ಲಾಗಿತ್ತು.

ಪರೀಕ್ಷೆಯಲ್ಲಿ ಟೂ ಸ್ಟ್ರೋಕ್ ಇಂಜಿನ್ನಿನ ಚಿತ್ರ ಬರೆದು 10ಕ್ಕೆ 9 ಅಂಕ ತೆಗೆದವನು ನಾನು. ಕೆಳಗೊಂದು ಪೆಟ್ಟಿಗೆ ಬರೆದು ‘ಕ್ರ್ಯಾಂಕ್‌ಕೇಸ್’ ಎಂದು ಬಾಣ ಹಾಕಿದ್ದೆ. ಪಿಸ್ಟನ್ ಮೇಲೇರಿದಾಗ ಹೊಸ ಮಿಶ್ರಣವನ್ನು ಒಳಗೆಳೆದು, ಕೆಳಗಿಳಿದಾಗ ಒತ್ತಿ ಮೇಲಕ್ಕೆ ಕಳಿಸುವುದು ಆ ಪೆಟ್ಟಿಗೆಯೇ ಎಂದು ವಿವರಣೆಯನ್ನೂ ಬರೆದಿದ್ದೆ. ಹಾಗಾದರೆ ಆ ಪೆಟ್ಟಿಗೆ ಸೋರಬಾರದು, ಸೋರಿದರೆ ಕಾರ್ಬುರೇಟರಿನ ಲೆಕ್ಕಕ್ಕೇ ಸಿಗದ ಗಾಳಿ ಒಳಗೆ ನುಗ್ಗುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ. ಗಾಳಿ ಹೆಚ್ಚಾದಾಗ ಕಾವು ಏರುತ್ತದೆ. ಪೆಟ್ರೋಲು ಕಡಿಮೆಯಾದರೆ ಅದರಲ್ಲಿ ಬೆರೆತ ಆಯಿಲೂ ಕಡಿಮೆ. ಕಾವೂ ಹೆಚ್ಚು, ಜಿಡ್ಡೂ ಇಲ್ಲ. ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಂಡಿದ್ದು ಹಾಗೆ. ಕಾರ್ಬುರೇಟರಿನದು ಯಾವ ತಪ್ಪೂ ಇರಲಿಲ್ಲ. ಬೇರೆಯವರ ತಪ್ಪಿಗೆ ನಾನು ಅದನ್ನು ನಾಲ್ಕು ಸಲ ದಂಡಿಸಿದ್ದೆ.

ಎರಡು ಹೋಳು

‘ಭಾನುವಾರ ಬಂದು ಕೆಲಸ ಮಾಡು, ಕೂಲಿ ಕೊಡ್ತೀನಿ, ಲೆಕ್ಕದಲ್ಲಿ ಮುರ್ಕೊಳ್ಳೋಣ’ ಅಂದರು ಮೇಸ್ತ್ರಿ. ಹೀಗೆ ಅವರ ಶೆಡ್ಡಿನಲ್ಲೇ ಇಂಜಿನ್ ಪೂರ್ತಿ ಬಿಚ್ಚಿದೆ. ಕ್ಲಚ್, ಚೈನು, ಡೈನಮೊ, ಕೊನೆಗೆ ಕ್ರ್ಯಾಂಕ್‌ಕೇಸ್ ಎರಡು ಹೋಳಾಯಿತು. ಎಡಗಡೆಯ ಸೀಲೂ ಒಣಗಿತ್ತು. ಅದು ಹೋದರೆ ಇಂಜಿನ್ ಗಾಳಿಯನ್ನಲ್ಲ, ಪಕ್ಕದ ಗೇರ್ ಆಯಿಲನ್ನು ಹೀರುತ್ತದೆ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ಕಟ್ಟುತ್ತದೆ.

ಹೊಸ ಬೇರಿಂಗ್ ಕೂರಿಸುವಾಗ ಸುತ್ತಿಗೆಗೆ ಕೈ ಹಾಕಿದೆ. ಮೇಸ್ತ್ರಿ ಕೈ ಹಿಡಿದರು. ಅಲ್ಯುಮಿನಿಯಂ ಹೋಳನ್ನು ಬಿಸಿ ಮಾಡಿಸಿದರು. ಬೇರಿಂಗ್ ತನ್ನ ಭಾರಕ್ಕೆ ತಾನೇ ‘ಟಕ್’ ಎಂದು ಕೂತಿತು. ಒಂದೇ ಕಾವಿಗೆ ಅಲ್ಯುಮಿನಿಯಂ ಉಕ್ಕಿನ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಆ ಕೋಷ್ಟಕವನ್ನು ನಾನು ಬಾಯಿಪಾಠ ಮಾಡಿದ್ದೆ. ಏಳನೇ ತರಗತಿಗೆ ಶಾಲೆ ಬಿಟ್ಟ ಅವರ ಕೈಗೆ ಅದು ಗೊತ್ತಿತ್ತು.

ಎರಡು ಸೀಲಿಗೆ ಕೊಟ್ಟದ್ದು 300 ರೂಪಾಯಿ. ಮೊದಲೇ ಹಾಕಿದ್ದರೆ ಎರಡನೆಯ ಬೋರು, ಎರಡನೆಯ ಪಿಸ್ಟನ್, ಆಟೊ ಬಾಡಿಗೆ ಎಲ್ಲ ಉಳಿಯುತ್ತಿತ್ತು. ದುಡ್ಡಿಗಿಂತ ಹೆಚ್ಚಾಗಿ ಸಿಲಿಂಡರಿನ ಆಯುಸ್ಸು ಉಳಿಯುತ್ತಿತ್ತು. ಪ್ರತಿ ಬೋರಿಗೂ ಅದರ ಗೋಡೆ ತೆಳುವಾಗುತ್ತದೆ, ಹೋದ ಲೋಹ ಮರಳಿ ಬರುವುದಿಲ್ಲ.

ಎಲ್ಲ ಜೋಡಿಸಿ ಮತ್ತೆ ಬಿ.ಪಿ. ನೋಡಿದೆವು. 250. ಟೀ ಕುಡಿದು ಬಂದು ನೋಡಿದರೂ ಮುಳ್ಳು ಕದಲಿರಲಿಲ್ಲ. ಕಾರ್ಬುರೇಟರಿನ ಸೂಜಿಯನ್ನು ಮೊದಲಿದ್ದ ಗೀರಿಗೇ ಹಾಕಿದೆ. ಮೂರನೇ ಒದೆತಕ್ಕೆ ಸ್ಟಾರ್ಟ್ ಆಯಿತು.

ನೀವೂ ಕೈ ಹಾಕುವುದಾದರೆ

ಮನೆಯಲ್ಲಿ ತಾತನದೋ ಮಾವನದೋ ಹಳೇ ಟೂ ಸ್ಟ್ರೋಕ್ ಗಾಡಿ ನಿಂತಿದ್ದರೆ, ನನ್ನ ಸಾಲದ ದುಡ್ಡಿನಲ್ಲಿ ಕಲಿತ ನಾಲ್ಕು ಮಾತುಗಳನ್ನು ನೀವು ಪುಕ್ಕಟೆ ತೆಗೆದುಕೊಳ್ಳಿ.

* ಬಿಚ್ಚುವ ಮೊದಲು ಪ್ರತಿ ಹಂತದಲ್ಲೂ ಫೋಟೊ ತೆಗೆಯಿರಿ. ಒಂದೊಂದು ಭಾಗದ ನಟ್ಟು, ವಾಷರುಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಡಿ.
* ಜೆಟ್ಟಿನ ತೂತಿಗೆ ತಂತಿ ಹಾಕಬೇಡಿ. ಹಿತ್ತಾಳೆ ಮೆತ್ತಗಿರುತ್ತದೆ, ತೂತು ದೊಡ್ಡದಾದರೆ ಅಳತೆಯೇ ಕೆಟ್ಟಿತು.
* ವರ್ಷಗಟ್ಟಲೆ ನಿಂತ ಇಂಜಿನ್ನಿಗೆ ಮೊದಲು ಸೋರಿಕೆ ಪರೀಕ್ಷೆ ಮಾಡಿ, ಆಮೇಲೆ ಪಿಸ್ಟನ್ನಿಗೆ ದುಡ್ಡು ಹಾಕಿ.
* ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ. ಅದು ತೇವ ಹೀರುತ್ತದೆ, ಹಳೇ ರಬ್ಬರಿಗೆ ಒಗ್ಗುವುದಿಲ್ಲ. ಪೈಪು ಬದಲಾಯಿಸಿ. ಗಾಡಿ ಬಹಳ ದಿನ ನಿಲ್ಲಿಸುವುದಾದರೆ ಕಾರ್ಬುರೇಟರ್ ಬಟ್ಟಲು ಖಾಲಿ ಮಾಡಿ.

ಕೇಳಿದ ಪ್ರಶ್ನೆ

ಹೋದ ತಿಂಗಳು ಇಂಟರ್ನ್‌ಶಿಪ್‌ಗೆ ಒಂದು ಸಂದರ್ಶನವಿತ್ತು. ‘ನೀವೇ ಮಾಡಿದ ಒಂದು ಕೆಲಸ ಹೇಳಿ’ ಅಂದರು. ಇಂಗ್ಲಿಷಿನಲ್ಲಿ ತಡವರಿಸುತ್ತ ಯೆಜ್ಡಿಯ ಕಥೆ ಹೇಳಿದೆ, ಪಿಸ್ಟನ್ ಸುಟ್ಟಿದ್ದನ್ನೂ ಸೇರಿಸಿ. ಎದುರಿಗಿದ್ದವರು ಒಂದೇ ಪ್ರಶ್ನೆ ಕೇಳಿದರು: ‘ಒಂದು ಸಲ ಸರಿಹೋಗದಿದ್ದ ಮೇಲೂ ನಾಲ್ಕು ಸಲ ಕಾರ್ಬುರೇಟರನ್ನೇ ಏಕೆ ಬಿಚ್ಚಿದಿರಿ?’

ಉತ್ತರ ಗೊತ್ತಿತ್ತು. ಅದು ಕೈಗೆ ಸಿಗುತ್ತಿತ್ತು. ಎರಡು ನಟ್ಟು ಬಿಚ್ಚಿದರೆ ಬರುತ್ತಿತ್ತು. ಸೀಲ್ ನೋಡಬೇಕಾದರೆ ಇಡೀ ಇಂಜಿನ್ ಬಿಚ್ಚಬೇಕಿತ್ತು, ಅದಕ್ಕೆ ನನಗೆ ಭಯವಿತ್ತು. ಹಾಗೆಂದೇ ಹೇಳಿದೆ. ಅವರು ಬರೆದುಕೊಂಡರು. ಫಲಿತಾಂಶ ಇನ್ನೂ ಬಂದಿಲ್ಲ.

ಹಾಸ್ಟೆಲಿಗೆ ಬಂದ ಮೇಲೆ ನನ್ನದೇ ಬಾಕಿ ಉಳಿದ ಗಣಿತದ ಪೇಪರು ನೆನಪಾಯಿತು. ಎರಡು ಸಲ ಬರೆದೆ, ಎರಡು ಸಲವೂ ಗೈಡ್ ಬದಲಾಯಿಸಿದೆ. ಪಿ.ಯು.ಸಿ.ಯಲ್ಲಿ ಅರ್ಥವಾಗದೆ ಬಿಟ್ಟ ಇಂಟಿಗ್ರೇಷನ್ ಪಾಠವನ್ನು ಮಾತ್ರ ಮತ್ತೆ ತೆರೆದಿರಲಿಲ್ಲ. ಈಗ ತೆರೆದಿದ್ದೇನೆ.

ಸಂಘದ ಸಾಲದಲ್ಲಿ ಮೂರು ಕಂತು ಬಾಕಿ ಇದೆ. ಭಾನುವಾರದ ಕೂಲಿಯಲ್ಲಿ ಕಟ್ಟುತ್ತಿದ್ದೇನೆ. ಗಾಡಿ ಮಾರುವ ಮಾತನ್ನು ಮನೆಯಲ್ಲಿ ಯಾರೂ ಮತ್ತೆ ಎತ್ತಿಲ್ಲ. ಮೊನ್ನೆ ಊರಿಗೆ ಹೋದಾಗ ಕೊಟ್ಟಿಗೆ ಖಾಲಿಯಿತ್ತು. ಅಪ್ಪ ಎಲ್ಲಿ ಎಂದು ಕೇಳಿದೆ. ‘ಒಂದೇ ಒಂದು ಗೊನೆ ಇತ್ತು, ಬಸ್ಸಿಗೆ ಹಾಕಿದ್ರೆ ಆಗ್ತಿತ್ತು. ಗಾಡಿ ತಗೊಂಡೇ ಹೋದ್ರು’ ಅಂದಳು ಅಮ್ಮ.

ಹತ್ತು ಗಂಟೆಗೆ ಬಂದರು. ಇಂಜಿನ್ ಆರಿದ ಮೇಲೆ ಪ್ಲಗ್ ಬಿಚ್ಚಿ ನನ್ನ ಕಡೆ ಹಿಡಿದರು. ಕಾಫಿಪುಡಿಯ ಬಣ್ಣ. ಹೀಗಿದ್ದರೆ ಗಾಳಿಯೂ ಪೆಟ್ರೋಲೂ ಸರಿಯಾಗಿವೆ ಎಂದು ಅರ್ಥ. ‘ಸರಿಯಾಗದೆ’ ಎಂದಷ್ಟೇ ಹೇಳಿ ಕೈ ತೊಳೆಯಲು ಹೋದರು.